ಆರು ಸೆಕೆಂಡಿನ ವಿಕಿರಣ ಮತ್ತು ಸ್ತನದ ಜೀವಕೋಶ: ನನ್ನ ಅನುಭವ

ನನ್ನ ಮೊದಲ ಗ್ರಾಫ್ ತುಂಬಾ ಚೆನ್ನಾಗಿತ್ತು. ಸ್ತನದ ಜೀವಕೋಶಗಳಿಗೆ 100 ಮಿಲಿಗ್ರೇ (ಗ್ರೇ ಅಂದರೆ ವಿಕಿರಣದ ಡೋಸ್ ಅಳೆಯುವ ಮಾನ) ಗಾಮಾ ವಿಕಿರಣ ಕೊಟ್ಟು, ಅರ್ಧ ಗಂಟೆ ಬಿಟ್ಟು ಆರ್‌ಎನ್‌ಎ, ಅಂದರೆ ಕೆಲಸ ಮಾಡುತ್ತಿರುವ ಜೀನ್‌ಗಳ ನಕಲು, ತೆಗೆದು ನೋಡಿದ್ದೆ. ಫಾಸ್, ಇಜಿಆರ್1 ಅನ್ನುವ ಎರಡು ಜೀನ್‌ಗಳು ಐದಾರು ಪಟ್ಟು ಮೇಲೆದ್ದಿದ್ದವು. ಮೂರು ಸಲ ಮಾಡಿದರೂ ಅದೇ ಉತ್ತರ. ಪ್ರಿಂಟ್ ತೆಗೆದುಕೊಂಡು ಹೋಗಿ ಗೈಡ್ ಮೇಡಂ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. ಹೋಲಿಕೆಗೆ ಅಂತ ವಿಕಿರಣ ಕೊಡದೆ ಇಟ್ಟ ಕಂಟ್ರೋಲ್ ಡಿಶ್ ಬಗ್ಗೆ ಕೇಳಿದರು.

"ಕಂಟ್ರೋಲ್ ಡಿಶ್ ಎಲ್ಲಿತ್ತು?"

"ಇನ್‌ಕ್ಯುಬೇಟರ್‌ನಲ್ಲೇ ಇತ್ತು ಮೇಡಂ."

"ಹಾಗಾದ್ರೆ ನೀನು ಇಲ್ಲಿ ಅಳೆದಿರೋದು ನಿನ್ನ ನಡಿಗೆ."

ವಿಕಿರಣ ಕೊಡುವ ನಮ್ಮ ಯಂತ್ರ, ಇರೇಡಿಯೇಟರ್, ಇದ್ದದ್ದು ಎರಡು ಮಹಡಿ ಕೆಳಗೆ. ಡಿಶ್‌ಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋಗಬೇಕು, ವಾಪಸ್ ಹತ್ತಿ ಬರಬೇಕು. ಅಷ್ಟರಲ್ಲಿ 37 ಡಿಗ್ರಿಯಲ್ಲಿ ಬೆಚ್ಚಗಿದ್ದ ಕೋಶಗಳು ತಣ್ಣಗಾಗುತ್ತವೆ. ಮೇಲಿನ ದ್ರವ ಅಲುಗಾಡುತ್ತದೆ. ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಆ ದ್ರವ, ಅಂದರೆ ಮೀಡಿಯಂ, ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಫಾಸ್, ಇಜಿಆರ್1 ಎರಡೂ ಬಾಗಿಲು ಬಡಿದರೆ ಮೊದಲು ಬೊಗಳುವ ನಾಯಿಗಳ ಹಾಗೆ. ಬಂದವರು ಯಾರು ಅಂತ ಅವು ನೋಡುವುದಿಲ್ಲ.

ಮರುದಿನ ಎಲ್ಲವನ್ನೂ ಅದೇ ರೀತಿ ಮಾಡಿದೆ. ವಿಕಿರಣದ ಮೂಲವನ್ನು ಮಾತ್ರ ತೆರೆಯಲಿಲ್ಲ. ಡಿಶ್ ಇರೇಡಿಯೇಟರ್ ಒಳಗೆ ಸುಮ್ನೆ ಕೂತು ಎದ್ದು ಬಂತು. ಎರಡೂ ಜೀನ್‌ಗಳು ಹೆಚ್ಚೂ ಕಡಿಮೆ ಅಷ್ಟೇ ಏರಿದ್ದವು. ಮೂರು ತಿಂಗಳ ಕೆಲಸ ಕಸದ ಬುಟ್ಟಿಗೆ ಹೋಯಿತು.

ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಜಾಸ್ತಿ ಡೋಸ್ ಕೊಟ್ಟು ಕೆಲಸ ಮಾಡುವವರಿಗೆ ಈ ತಾಪತ್ರಯ ಅಷ್ಟಾಗಿ ಇಲ್ಲ. 4 ಗ್ರೇ ಕೊಟ್ಟರೆ ಕೋಶ ಕಿರುಚುತ್ತದೆ, ನಿಮ್ಮ ಕೈ ಸ್ವಲ್ಪ ನಡುಗಿದ್ದರೂ ಕೇಳಿಸುತ್ತದೆ. 100 ಮಿಲಿಗ್ರೇ ಅಂದರೆ ಅದರ ನಲವತ್ತನೇ ಒಂದು ಭಾಗ. ಇಲ್ಲಿ ಕೋಶ ಪಿಸುಗುಡುತ್ತದೆ. ಲ್ಯಾಬಿನ ಗದ್ದಲ ಅದಕ್ಕಿಂತ ಜೋರಾಗಿರುತ್ತದೆ.

ವಿಕಿರಣ ವಿಜ್ಞಾನದಲ್ಲಿ 100 ಮಿಲಿಗ್ರೇಗಿಂತ ಕೆಳಗಿನದನ್ನು ಸಾಮಾನ್ಯವಾಗಿ ಕಡಿಮೆ ಡೋಸ್ ಅನ್ನುತ್ತಾರೆ. ನಾನು ಆ ಗಡಿಯಿಂದ ಶುರು ಮಾಡಿ ಕೆಳಕ್ಕೆ ಇಳಿದೆ. ಒಂದು ಮ್ಯಾಮೊಗ್ರಾಮ್ ಪರೀಕ್ಷೆಯಲ್ಲಿ ಸ್ತನದ ಗ್ರಂಥಿಗೆ ಬೀಳುವುದು ಸುಮಾರು 4 ಮಿಲಿಗ್ರೇ. ಸ್ತನ ಕ್ಯಾನ್ಸರ್‌ಗೆ ರೇಡಿಯೋಥೆರಪಿ ಕೊಡುವಾಗ ಒಟ್ಟು 40ರಿಂದ 50 ಗ್ರೇ ಹೋಗುತ್ತದೆ. ಎರಡಕ್ಕೂ ನಡುವೆ ಹತ್ತು ಸಾವಿರ ಪಟ್ಟು ಅಂತರ. ಎರಡನ್ನೂ 'ರೇಡಿಯೇಷನ್' ಅಂತ ಒಂದೇ ಪದದಲ್ಲಿ ಕರೆದು ಗೊಂದಲ ಮಾಡಿಕೊಳ್ಳುತ್ತೇವೆ.

ಕೋಶದ ಕಡೆಯಿಂದ ಲೆಕ್ಕ ಹಾಕಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಗಾಮಾ ಕಿರಣದಲ್ಲಿ ಸುಮಾರು 1 ಮಿಲಿಗ್ರೇ ಅಂದರೆ, ಸರಾಸರಿ ಒಂದು ಕೋಶಕೇಂದ್ರವನ್ನು ಒಂದು ಎಲೆಕ್ಟ್ರಾನ್ ಹಾದುಹೋದಷ್ಟು. 1 ಗ್ರೇಗೆ ಒಂದು ಕೋಶದಲ್ಲಿ ಡಿಎನ್‌ಎಯ ಎರಡೂ ಎಳೆ ತುಂಡಾಗುವುದು ಸುಮಾರು 35 ಕಡೆ. ಹಾಗಾದರೆ 100 ಮಿಲಿಗ್ರೇಗೆ ಮೂರು ಅಥವಾ ನಾಲ್ಕು. 4 ಮಿಲಿಗ್ರೇಗೆ ಏಳು ಕೋಶ ಹುಡುಕಿದರೆ ಒಂದರಲ್ಲಿ ಒಂದು ತುಂಡು. ಉಳಿದ ಆರು ಕೋಶಗಳಲ್ಲಿ ಒಂದೂ ಇರುವುದಿಲ್ಲ. ನಾವೋ, ಲಕ್ಷಾಂತರ ಕೋಶಗಳನ್ನು ಒಟ್ಟಿಗೆ ಅರೆದು ಸರಾಸರಿ ತೆಗೆಯುತ್ತೇವೆ!

ಸ್ತನವನ್ನೇ ಯಾಕೆ ಆರಿಸಿಕೊಂಡೆ? ದೇಹದಲ್ಲಿ ವಿಕಿರಣಕ್ಕೆ ಹೆಚ್ಚು ಸ್ಪಂದಿಸುವ ಅಂಗಗಳಲ್ಲಿ ಅದೂ ಒಂದು. ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದ ಹೆಣ್ಣುಮಕ್ಕಳಲ್ಲಿ ಇದು ಎದ್ದು ಕಂಡಿತು. ಬಾಂಬ್ ಬಿದ್ದಾಗ ಹುಡುಗಿಯರಾಗಿದ್ದವರಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಅಪಾಯ, ಆಗ ವಯಸ್ಸಾಗಿದ್ದವರಿಗಿಂತ ಜಾಸ್ತಿ ಇತ್ತು. 1965ರಲ್ಲಿ ಮೆಕೆಂಜಿ ಎಂಬ ವೈದ್ಯರು ಕೆನಡಾದ ನೋವಾ ಸ್ಕೋಷಿಯಾದಿಂದ ಇನ್ನೊಂದು ವರದಿ ಕೊಟ್ಟರು. ಕ್ಷಯರೋಗದ ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಎದೆಯ ಫ್ಲೋರೋಸ್ಕೋಪಿ (ಎಕ್ಸ್‌ರೇ ಹರಿಸುತ್ತಲೇ ಒಳಗೆ ನೋಡುವ ಪರೀಕ್ಷೆ) ಮಾಡಿಸಿಕೊಂಡ ಹೆಂಗಸರಲ್ಲೂ ಸ್ತನ ಕ್ಯಾನ್ಸರ್ ಹೆಚ್ಚಿತ್ತು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ಸ್ತನಕ್ಕೆ ಕೊಡುವ ತೂಕದ ಅಂಶ (ಆ ಅಂಗಕ್ಕೆ ವಿಕಿರಣದ ಅಪಾಯ ಎಷ್ಟು ಅನ್ನುವುದರ ಅಂಕಿ) 1990ರಲ್ಲಿ 0.05 ಇತ್ತು. 2007ರಲ್ಲಿ ಅದನ್ನು 0.12ಕ್ಕೆ ಏರಿಸಿತು. ಇವೆಲ್ಲ ಜನರನ್ನು ಎಣಿಸಿ ಸಿಕ್ಕ ಅಂಕಿಗಳು. ಒಳಗೆ ಕೋಶ ಏನು ಮಾಡುತ್ತಿದೆ ಅನ್ನುವುದು ನನ್ನ ಕುತೂಹಲವಾಗಿತ್ತು.

ಜೀನ್ ನಿಯಂತ್ರಣ ಅಂದಾಗ ತುಂಬಾ ಜನ ಜೀನೇ ಬದಲಾಯಿತು ಅಂದುಕೊಳ್ಳುತ್ತಾರೆ. ಅದು ಬೇರೆ, ಇದು ಬೇರೆ. ಜೀನಿನ ಅಕ್ಷರ ಬದಲಾದರೆ ಅದು ರೂಪಾಂತರ, ಅಂದರೆ ಮ್ಯುಟೇಷನ್. ನಾನು ನೋಡುತ್ತಿದ್ದದ್ದು ಫ್ಯಾನಿನ ರೆಗ್ಯುಲೇಟರ್. ಫ್ಯಾನ್ ಅದೇ, ವೇಗ ಮಾತ್ರ ಹೆಚ್ಚೋ ಕಡಿಮೆಯೋ ಆಗುತ್ತದೆ. ಡಿಎನ್‌ಎ ತುಂಡಾದ ಕೂಡಲೇ ಎಟಿಎಂ ಎಂಬ ಕಿಣ್ವ ಎಚ್ಚರವಾಗುತ್ತದೆ. ಅದು ಪಿ53 ಎಂಬ ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಮಾಮೂಲಿ ದಿನಗಳಲ್ಲಿ ಪಿ53 ತಯಾರಾದ ಹಾಗೆಯೇ ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತಿರುತ್ತದೆ. ಈಗ ಆ ಹಿಡಿತ ಸಡಿಲವಾಗುತ್ತದೆ. ಪಿ53 ಹೆಚ್ಚಾಗಿ, ಪಿ21, ಗಾಡ್45ಎ ಮುಂತಾದ ಜೀನ್‌ಗಳ ರೆಗ್ಯುಲೇಟರ್ ತಿರುಗಿಸುತ್ತದೆ. ಪಿ21 ಬಂದು ಕೋಶ ವಿಭಜನೆಗೆ ಬ್ರೇಕ್ ಹಾಕುತ್ತದೆ. ರಿಪೇರಿಗೆ ಟೈಮ್ ಸಿಗುತ್ತದೆ. ತಮಾಷೆ ಅಂದರೆ ಪಿ53 ತನ್ನನ್ನು ಕೊಲ್ಲುವ ಎಂಡಿಎಂ2ವನ್ನೂ ತಾನೇ ಹೆಚ್ಚಿಸಿಕೊಳ್ಳುತ್ತದೆ. ಈ ತಮಾಷೆಯೇ ನನಗೆ ಮುಂದೆ ಆರು ತಿಂಗಳು ಕಾಟ ಕೊಟ್ಟಿತು. ಅದಕ್ಕೆ ಆಮೇಲೆ ಬರುತ್ತೇನೆ.

ಬಳಸಿದ ಕೋಶ ಎಂಸಿಎಫ್-10ಎ. ಇದು ಸ್ತನದ ನಾಳದ ಒಳಪದರದ ಕೋಶಗಳಿಂದ ಬಂದದ್ದು, ಕ್ಯಾನ್ಸರ್ ಕೋಶವಲ್ಲ. ಪಿ53 ಸರಿಯಾಗಿದೆ. ಹಾಗಂತ ಇದನ್ನು ಪೂರ್ತಿ ನಾರ್ಮಲ್ ಅನ್ನಲೂ ಆಗದು. ವಿಭಜನೆ ತಡೆಯುವ ಪಿ16 ಜೀನನ್ನು ಕಳೆದುಕೊಂಡಿದೆ, ಈಸ್ಟ್ರೋಜನ್ ಗ್ರಾಹಿಯೂ ಇಲ್ಲ. ಸಾಕುವುದು ದೊಡ್ಡ ಮಗಳನ್ನು ಸಾಕಿದ ಹಾಗೆ, ಎಲ್ಲದಕ್ಕೂ ಕೊಂಕು. ಮೀಡಿಯಂಗೆ ಕುದುರೆಯ ಸೀರಂ, ಇನ್ಸುಲಿನ್, ಹೈಡ್ರೋಕಾರ್ಟಿಸೋನ್, ಇಜಿಎಫ್ ಎಂಬ ಬೆಳವಣಿಗೆ ಅಂಶ, ಸಾಲದ್ದಕ್ಕೆ ಕಾಲರಾ ಟಾಕ್ಸಿನ್. ತಳದಿಂದ ಬಿಡಿಸಲು ಟ್ರಿಪ್ಸಿನ್ ಹಾಕಿದರೆ ಬೇರೆ ಕೋಶಗಳು ಮೂರ್ನಾಲ್ಕು ನಿಮಿಷದಲ್ಲಿ ಏಳುತ್ತವೆ. ಇವು ಹದಿನೈದು ನಿಮಿಷ ಕಾದರೂ ಅಲ್ಲಲ್ಲೇ ಅಂಟಿಕೊಂಡಿರುತ್ತವೆ. ಅವಸರ ಮಾಡಿ ಡಿಶ್ ಬಡಿದರೆ ಸತ್ತ ಕೋಶಗಳೇ ಸಿಗುವುದು.

ಈ ಪಟ್ಟಿಯಲ್ಲಿರುವ ಇಜಿಎಫ್ ಅನ್ನು ಗಮನಿಸಿ. ಹೊಸ ಮೀಡಿಯಂ ಹಾಕಿದಾಗ ಹೊಸ ಇಜಿಎಫ್ ಬರುತ್ತದೆ. ಅದು ಫಾಸ್, ಇಜಿಆರ್1 ಎರಡನ್ನೂ ಏರಿಸುತ್ತದೆ. ನಾನು ವಿಕಿರಣಕ್ಕೆ ಸ್ವಲ್ಪ ಮೊದಲು "ಕೋಶಗಳು ಚೆನ್ನಾಗಿರಲಿ" ಅಂತ ಮೀಡಿಯಂ ಬದಲಿಸುತ್ತಿದ್ದೆ! ಆ ಅಭ್ಯಾಸ ಬಿಟ್ಟೆ. ಈಗ ಹಿಂದಿನ ದಿನ ಸಂಜೆ ಬದಲಿಸುತ್ತೇನೆ, ಆಮೇಲೆ ಮುಟ್ಟುವುದಿಲ್ಲ. ಡಿಶ್ ಪೂರ್ತಿ ತುಂಬಿ ಕೋಶಗಳು ವಿಭಜನೆ ನಿಧಾನ ಮಾಡುವವರೆಗೂ ಕಾಯುತ್ತೇನೆ. ಡಿಎನ್‌ಎ ನಕಲು ಮಾಡುತ್ತಿರುವ ಕೋಶದಲ್ಲಿ ವಿಕಿರಣ ಇಲ್ಲದೆಯೇ ಒಂದಷ್ಟು ತುಂಡುಗಳು ಇರುತ್ತವೆ. ಅಂಥವು ಜಾಸ್ತಿ ಇದ್ದರೆ ನಮ್ಮ ಮೂರ್ನಾಲ್ಕು ತುಂಡು ಅದರಲ್ಲಿ ಮುಳುಗಿಹೋಗುತ್ತವೆ.

ಇನ್ನು ಇರೇಡಿಯೇಟರ್. ನಮ್ಮದು ಸೀಸಿಯಂ-137. ನಿಮಿಷಕ್ಕೆ ಸುಮಾರು 1 ಗ್ರೇ ಕೊಡುತ್ತಿತ್ತು. ಲೆಕ್ಕ ಹಾಕಿ: 100 ಮಿಲಿಗ್ರೇಗೆ ಆರು ಸೆಕೆಂಡ್. 10 ಮಿಲಿಗ್ರೇಗೆ ಒಂದು ಸೆಕೆಂಡೂ ಇಲ್ಲ. ಯಂತ್ರದ ಟೈಮರ್‌ನಲ್ಲಿ ಆರು ಅಂತ ಒತ್ತಿ, ಆರು ಸೆಕೆಂಡ್ ಆಯಿತು ಅಂತ ನಂಬಿಕೊಂಡಿದ್ದೆ. ಆದರೆ ಮೂಲ ತನ್ನ ಗೂಡಿನಿಂದ ಹೊರಬರಲು ಒಂದೆರಡು ಸೆಕೆಂಡ್, ವಾಪಸ್ ಹೋಗಲು ಒಂದೆರಡು ಸೆಕೆಂಡ್ ಬೇಕು. ಆ ಹೊತ್ತಿನಲ್ಲೂ ಡಿಶ್ ಮೇಲೆ ಕಿರಣ ಬೀಳುತ್ತಿರುತ್ತದೆ. ಟೈಮರ್ ಅದನ್ನು ಎಣಿಸುವುದಿಲ್ಲ. ಹತ್ತು ನಿಮಿಷ ಇಡುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಆರು ಸೆಕೆಂಡ್ ಇಡುವ ನನಗೆ ಡೋಸೇ ತಲೆಕೆಳಗು.

ಇದು ಗೊತ್ತಾದದ್ದು ಡಿಶ್‌ನ ಜಾಗದಲ್ಲಿ ಲಿಥಿಯಂ ಫ್ಲೋರೈಡ್ ಡೋಸಿಮೀಟರ್ ಚಿಪ್‌ಗಳನ್ನು ಇಟ್ಟು ನೋಡಿದಾಗ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಚೂರುಗಳು. ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಆಮೇಲೆ ಬಿಸಿ ಮಾಡಿದಾಗ ಬೆಳಕಾಗಿ ಬಿಡುತ್ತವೆ. ನಾನು 100 ಅಂದುಕೊಂಡಿದ್ದ ಡೋಸ್ ನಿಜವಾಗಿ ಅದಕ್ಕಿಂತ ಸಾಕಷ್ಟು ಜಾಸ್ತಿ ಇತ್ತು. ಅದೂ ಡಿಶ್‌ನ ಅಂಚಿಗೂ ನಡುವಿಗೂ ಒಂದೇ ಸಮ ಇರಲಿಲ್ಲ.

ಪರಿಹಾರ ಸರಳ, ಆದರೆ ಭಾರ. ಮೂಲಕ್ಕೂ ಡಿಶ್‌ಗೂ ನಡುವೆ ಸೀಸದ ಗೋಡೆ. ಸೀಸಿಯಂ ಗಾಮಾ ಕಿರಣವನ್ನು ಹತ್ತನೇ ಒಂದಕ್ಕೆ ಇಳಿಸಲು ಸುಮಾರು ಎರಡು ಸೆಂಟಿಮೀಟರ್ ಸೀಸ ಬೇಕು. ಆಗ 100 ಮಿಲಿಗ್ರೇಗೆ ಒಂದು ನಿಮಿಷ ಆಗುತ್ತದೆ, ಒಂದೆರಡು ಸೆಕೆಂಡ್ ಅಷ್ಟಾಗಿ ಕಾಡುವುದಿಲ್ಲ. ಸೀಸ ಇಟ್ಟ ಮೇಲೆ ಚದುರಿದ ಕಿರಣಗಳೂ ಸೇರುವುದರಿಂದ ಎಲ್ಲ ಜಾಗದಲ್ಲೂ ಮತ್ತೆ ಅಳೆಯಬೇಕು. ಇನ್ನೊಂದು ಸೂಕ್ಷ್ಮ ಇದೆ. ಈಗ ಡೋಸ್ ನಿಧಾನವಾಗಿ ಬೀಳುತ್ತಿದೆ. ಒಂದೇ ಡೋಸನ್ನು ಬೇಗ ಕೊಡುವುದಕ್ಕೂ ನಿಧಾನ ಕೊಡುವುದಕ್ಕೂ ಕೋಶ ಒಂದೇ ರೀತಿ ಸ್ಪಂದಿಸಬೇಕು ಅಂತೇನಿಲ್ಲ. ಹಾಗಾಗಿ ಸೀಸ ಇಡದೆ ಮಾಡಿದ ಹಳೆಯ ಪ್ರಯೋಗಗಳ ಜೊತೆ ಇವನ್ನು ಒಂದೇ ಗ್ರಾಫ್‌ನಲ್ಲಿ ಹಾಕಲಿಲ್ಲ. ಹಾಕಿದ್ದರೆ ಗೆರೆ ಚೆನ್ನಾಗಿ ಕಾಣುತ್ತಿತ್ತು, ಅದು ಬೇರೆ ಮಾತು.

ಈಗ ಪಿ53 ಕೊಟ್ಟ ಕಾಟ. ಪಿ21 ಒಂದು ದಿನ ಏರಿದ ಹಾಗೆ, ಇನ್ನೊಂದು ದಿನ ಏನೂ ಆಗದ ಹಾಗೆ ಕಾಣುತ್ತಿತ್ತು. ಕಂಟ್ರೋಲ್ ಸರಿ ಇತ್ತು, ಡೋಸ್ ಸರಿ ಇತ್ತು. ನೋಟ್‌ಬುಕ್ ತಿರುವಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. "ನಾಲ್ಕು ಗಂಟೆಯ ನಂತರ" ಅಂತ ಬರೆದುಕೊಂಡಿದ್ದರೂ, ಊಟ, ಮೀಟಿಂಗ್, ಸೆಂಟ್ರಿಫ್ಯೂಜ್ ಸಿಗದ್ದು ಎಲ್ಲ ಸೇರಿ ಅದು ಮೂರೂವರೆಯಿಂದ ಆರು ಗಂಟೆಯವರೆಗೆ ಓಡಾಡಿತ್ತು.

ಪಿ53 ಒಮ್ಮೆ ಏರಿ ಮೆಲ್ಲಗೆ ಇಳಿಯುವ ವಸ್ತುವಲ್ಲ. 2004ರಲ್ಲಿ ಗಲಿತ್ ಲಾಹಾವ್ ಮತ್ತು ಅವರ ಸಹೋದ್ಯೋಗಿಗಳು ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ, ಹೊಳೆಯುವ ಪ್ರೋಟೀನ್ ಅಂಟಿಸಿ, ಒಂದೊಂದೇ ಕೋಶವನ್ನು ಗಂಟೆಗಟ್ಟಲೆ ನೋಡಿದರು. ಪಿ53 ಅಲೆಅಲೆಯಾಗಿ ಏಳುತ್ತಿತ್ತು. ಎರಡು ಅಲೆಗಳ ನಡುವೆ ಹಲವು ಗಂಟೆ. ಡೋಸ್ ಹೆಚ್ಚಾದರೆ ಅಲೆಯ ಎತ್ತರ ಹೆಚ್ಚುತ್ತಿರಲಿಲ್ಲ, ಅಲೆಗಳ ಸಂಖ್ಯೆ ಹೆಚ್ಚುತ್ತಿತ್ತು. ಕಾರಣ ಆ ಎಂಡಿಎಂ2 ಜಗಳವೇ. ಪಿ53 ಏರಿದರೆ ಎಂಡಿಎಂ2 ಏರುತ್ತದೆ, ಎಂಡಿಎಂ2 ಏರಿದರೆ ಪಿ53 ಇಳಿಯುತ್ತದೆ. ಡೋಸ್ ಕಡಿಮೆ ಇದ್ದಾಗ ಕೆಲವು ಕೋಶಗಳಲ್ಲಿ ಒಂದೇ ಅಲೆ, ಕೆಲವುಗಳಲ್ಲಿ ಅದೂ ಇಲ್ಲ. ನಾನು ನಾಲ್ಕು ಗಂಟೆ ಅಂತ ಹೇಳಿಕೊಂಡು ಅಲೆಯ ನೆತ್ತಿಯಲ್ಲೊಮ್ಮೆ, ಇಳಿಜಾರಿನಲ್ಲೊಮ್ಮೆ ಫೋಟೋ ತೆಗೆಯುತ್ತಿದ್ದೆ.

ಅಲ್ಲಿಂದ ಒಂದೇ ಹೊತ್ತಿನಲ್ಲಿ ನೋಡುವುದನ್ನು ಬಿಟ್ಟೆ. ಅರ್ಧ ಗಂಟೆ, ಎರಡು, ನಾಲ್ಕು, ಎಂಟು, ಇಪ್ಪತ್ನಾಲ್ಕು ಗಂಟೆ. ಪ್ರತಿ ಹೊತ್ತಿಗೂ ಕೆಳಗೆ ಹೋಗಿಬಂದ ಅದರದ್ದೇ ಕಂಟ್ರೋಲ್ ಡಿಶ್. ಅಡುಗೆಮನೆಯ ಟೈಮರ್ ಒಂದನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೆ. ಕೋಶ ಒಡೆದು ಆರ್‌ಎನ್‌ಎ ತೆಗೆಯುವ ಟ್ರೈಜಾಲ್ ದ್ರವ ಹಾಕಿದ ನಿಮಿಷವನ್ನೇ ಬರೆದೆ, "ಸುಮಾರು" ಅನ್ನುವ ಪದವನ್ನು ನೋಟ್‌ಬುಕ್‌ನಿಂದ ಓಡಿಸಿದೆ.

ಅಳೆಯುವ ಕಡೆಗೂ ಇದೇ ಕಥೆ. ಜೀನಿನ ಪ್ರತಿಗಳನ್ನು ಸೈಕಲ್‌ಗಟ್ಟಲೆ ದುಪ್ಪಟ್ಟು ಮಾಡಿ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಜೀನ್ ಎರಡು ಪಟ್ಟು ಹೆಚ್ಚಾದರೆ ಒಂದು ಸೈಕಲ್ ಬೇಗ ಕಾಣುತ್ತದೆ. ಒಂದೂವರೆ ಪಟ್ಟು ಅಂದರೆ 0.6 ಸೈಕಲ್ಲೂ ತುಂಬುವುದಿಲ್ಲ. 1.3 ಪಟ್ಟು ಅಂದರೆ 0.4ಕ್ಕಿಂತ ಕಡಿಮೆ. ಪಿಪೆಟ್ ತುದಿಯಲ್ಲಿ ಒಂದು ಹನಿ ಅಂಟಿಕೊಂಡರೇ 0.2 ಹೋಗುತ್ತದೆ. ಹೋಲಿಕೆಗೆ ಇಡುವ 'ಬದಲಾಗದ' ಜೀನ್ ಕೂಡ ನಿಜವಾಗಿ ಬದಲಾಗುತ್ತಿಲ್ಲವೇ ಅಂತ ನೋಡಬೇಕು. ಎಲ್ಲರೂ ಬಳಸುತ್ತಾರೆ ಅಂತ ಒಂದೇ ಒಂದು ಜಿಎಪಿಡಿಎಚ್ ನಂಬಿಕೊಂಡು ಕೂರಬಾರದು. ನಾನು ಮೂರು ಜೀನ್‌ಗಳ ಸರಾಸರಿ ಬಳಸಿದೆ. ಜೊತೆಗೆ ಇನ್ನೊಂದು ಕೆಲಸ: ಟ್ಯೂಬುಗಳ ಮೇಲೆ ಪಕ್ಕದ ಬೆಂಚಿನ ಗೆಳತಿಯಿಂದ ಗುಪ್ತ ಸಂಖ್ಯೆ ಬರೆಸಿದೆ. ಯಾವುದು ವಿಕಿರಣದ್ದು ಅಂತ ಕೊನೆಯವರೆಗೂ ನನಗೆ ಗೊತ್ತಿರಲಿಲ್ಲ. ಮೊದಲ ದಿನ ನನಗೆ ಸಿಟ್ಟು ಬಂತು, ನನ್ನ ಮೇಲೇ ಅನುಮಾನವಾ ಅಂತ. ಗ್ರಾಫ್ ತೆರೆದಾಗ ಪರಿಣಾಮ ಮೊದಲಿಗಿಂತ ಚಿಕ್ಕದಾಗಿತ್ತು. ಅನುಮಾನ ಸರಿಯೇ ಇತ್ತು.

ಇಷ್ಟೆಲ್ಲ ಮಾಡಿದ ಮೇಲೆ ಉಳಿದದ್ದು ಇಷ್ಟು. 100 ಮಿಲಿಗ್ರೇಗೆ ಪಿ21, ಎಂಡಿಎಂ2, ಗಾಡ್45ಎ ಏರಿದ್ದು ನಿಜ. ಪಿ21 ನಾಲ್ಕು ಗಂಟೆಗೆ ಒಂದೂವರೆ ಪಟ್ಟಿನ ಆಸುಪಾಸು. ಇಪ್ಪತ್ನಾಲ್ಕು ಗಂಟೆಗೆ ವಾಪಸ್ ತನ್ನ ಜಾಗಕ್ಕೆ. 10 ಮಿಲಿಗ್ರೇಗೆ ನನ್ನ ಕೈಯಲ್ಲಿ ಕಂಟ್ರೋಲ್‌ನಿಂದ ಬೇರೆ ಮಾಡಿ ತೋರಿಸಲು ಆಗಲಿಲ್ಲ. ಫಾಸ್, ಇಜಿಆರ್1 ಎರಡೂ ವಿಕಿರಣದ ಲೆಕ್ಕದಿಂದ ಬಿದ್ದುಹೋದವು.

ಕೋಶದಲ್ಲಿ ಸಿಕ್ಕಿದ್ದು ಅಂಗಾಂಶದಲ್ಲೂ ಇದೆಯಾ? ಸ್ತನ ಅಂದರೆ ಬರೀ ಒಳಪದರದ ಕೋಶ ಅಲ್ವಲ್ಲ. ಕೊಬ್ಬು, ರಕ್ತನಾಳ, ನಾರು, ರಕ್ಷಣಾ ಕೋಶ ಎಲ್ಲ ಇದೆ. ನೈತಿಕ ಸಮಿತಿಯ ಅನುಮತಿ ಪಡೆದು ಇಲಿಗಳಿಗೆ ಹೋದೆವು. ಅಲ್ಲಿ ಪಿ53 ಎಬ್ಬಿಸುವ ಜೀನ್‌ಗಳು ಎಷ್ಟು ಜೋರಾಗಿ ಎದ್ದವು ಅಂದರೆ, ಡಿಶ್‌ನಲ್ಲಿ ಕಂಡದ್ದು ಏನೂ ಅಲ್ಲ. ಈ ಸಲ ನಾನು ಖುಷಿಪಡಲಿಲ್ಲ. ನೇರವಾಗಿ ಪ್ರಾಣಿಗಳ ಕೆಲಸದಲ್ಲಿ ಪಳಗಿದ ಹಿರಿಯ ತಂತ್ರಜ್ಞರ ಹತ್ತಿರ ಹೋಗಿ, ಗ್ರಂಥಿ ತೆಗೆಯುವಾಗ ಪಕ್ಕದಲ್ಲಿ ನಿಲ್ಲಿ ಸರ್ ಅಂದೆ.

ಅವರು ನಾನು ತೆಗೆದ ಇಲಿಯ ನಾಲ್ಕನೇ ಜೋಡಿಯ ಸ್ತನ ಗ್ರಂಥಿಯನ್ನು ಗಾಜಿನ ಮೇಲೆ ಹರಡಿ ಬೆಳಕಿಗೆ ಹಿಡಿದರು. ತೆಳು ಬೆಣ್ಣೆ ಬಣ್ಣದ ಹಾಳೆ. ನಡುವೆ, ಮೂರು ರಕ್ತನಾಳ ಸೇರುವ ಕಡೆ, ಸಾಸಿವೆಗಿಂತ ದೊಡ್ಡದಾದ ಒಂದು ಗಂಟು.

"ಇದನ್ನ ತೆಗೀತಿದ್ಯೇನಮ್ಮ?"

ತೆಗೆಯುತ್ತಿರಲಿಲ್ಲ. ಅದು ದುಗ್ಧರಸ ಗ್ರಂಥಿ, ಲಿಂಫ್ ನೋಡ್. ಒಳಗೆ ಲಿಂಫೋಸೈಟ್‌ಗಳು ಕಿಕ್ಕಿರಿದಿರುತ್ತವೆ. ವಿಕಿರಣಕ್ಕೆ ದೇಹದಲ್ಲೇ ಅತಿ ಬೇಗ ನಲುಗುವ ಕೋಶಗಳಲ್ಲಿ ಅವೂ ಸೇರಿವೆ, ಅವುಗಳ ಪಿ53 ಸಿಡಿದೇಳುತ್ತದೆ. ಸ್ತನದ ಅಂಗಾಂಶ ಅಂತ ನಾನು ಅರೆದದ್ದರಲ್ಲಿ ಅರ್ಧ ಕೂಗು ಆ ಗಂಟಿನದ್ದು. ಅದನ್ನು ಕತ್ತರಿಸಿ ತೆಗೆದು ಮತ್ತೆ ಮಾಡಿದಾಗ ಪಿ21 ಏರಿಕೆ ಸಾಧುವಾಯಿತು.

ಇಲಿಯ ಕೆಲಸದಲ್ಲಿ ಇನ್ನೂ ಎರಡು ತೊಡಕು ಇದ್ದವು. ಒಂದು ಋತುಚಕ್ರ. ಇಲಿಗೆ ಅದು ನಾಲ್ಕೈದು ದಿನದ್ದು. ಹಾರ್ಮೋನ್ ಏರಿಳಿತಕ್ಕೆ ಸ್ತನದ ಜೀನ್‌ಗಳು ಬದಲಾಗುವ ಪ್ರಮಾಣ, ಕಡಿಮೆ ಡೋಸ್ ವಿಕಿರಣಕ್ಕೆ ಬದಲಾಗುವುದಕ್ಕಿಂತ ಸುಲಭವಾಗಿ ದೊಡ್ಡದು. ದಿನವೂ ಬೆಳಗ್ಗೆ ಯೋನಿಯ ಸ್ಮಿಯರ್ ತೆಗೆದು, ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಒಂದೇ ಹಂತದಲ್ಲಿರುವ ಇಲಿಗಳನ್ನು ಮಾತ್ರ ಜೋಡಿ ಮಾಡಿದೆ. ಎರಡನೆಯದು ತಳಿ. ಬಾಲ್ಬ್-ಸಿ ಇಲಿಗಳಲ್ಲಿ ಡಿಎನ್‌ಎ ರಿಪೇರಿಯ ಒಂದು ಮುಖ್ಯ ಕಿಣ್ವ ಹುಟ್ಟಿನಿಂದಲೇ ಮಂದ. ವಿಕಿರಣದಿಂದ ಅವಕ್ಕೆ ಸ್ತನ ಗಡ್ಡೆ ಬೇಗ ಬರುತ್ತದೆ. ಸಿ57 ಕಪ್ಪು ಇಲಿಗಳು ಗಟ್ಟಿ. ಒಂದೇ ಡೋಸ್, ಒಂದೇ ಅಂಗ, ಎರಡು ತಳಿಯಲ್ಲಿ ಬೇರೆ ಬೇರೆ ಉತ್ತರ. ಮನುಷ್ಯರಲ್ಲೂ ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ರಿಪೇರಿ ಜೀನ್‌ಗಳಲ್ಲಿ ದೋಷ ಇರುವವರ ವಿಷಯದಲ್ಲಿ ಚಿಕ್ಕ ವಯಸ್ಸಿನ ಎಕ್ಸ್‌ರೇಗೆ ಯೋಚನೆ ಮಾಡುವುದು ಇದಕ್ಕೇ. ಅವರ ರಿಪೇರಿ ವ್ಯವಸ್ಥೆಯಲ್ಲೇ ಒಂದು ಕೊಂಡಿ ಸಡಿಲ. ವಿಕಿರಣ ಇಲ್ಲದ ಎಂಆರ್‌ಐ ಅಂಥವರಿಗೆ ಹೆಚ್ಚು ಬಳಕೆಯಲ್ಲಿದೆ.

ಅಂಗಾಂಶದಲ್ಲಿ ನನ್ನ ಮನಸ್ಸು ಹಿಡಿದದ್ದು ಪಿ53 ಅಲ್ಲ, ಕೋಶಗಳ ನಡುವೆ ಸಂದೇಶ ಒಯ್ಯುವ ಟಿಜಿಎಫ್-ಬೀಟಾ ಎಂಬ ಪ್ರೋಟೀನ್. ಇದು ಕೋಶಗಳ ಸುತ್ತಲಿನ ಜಾಲರಿಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ವಿಕಿರಣ ಆ ಬೀಗ ತೆಗೆಯುತ್ತದೆ ಅಂತ ಮೇರಿ ಹೆಲೆನ್ ಬಾರ್ಸೆಲೋಸ್-ಹಾಫ್ 1990ರ ದಶಕದಲ್ಲೇ ಇಲಿಯ ಸ್ತನದಲ್ಲಿ ತೋರಿಸಿದ್ದರು. ಮುಂದೆ ಅವರ ತಂಡ ಇನ್ನೊಂದು ಜಾಣ ಪ್ರಯೋಗ ಮಾಡಿತು. ಸ್ತನದ ಒಳಪದರ ತೆಗೆದ ಇಲಿಗೆ ವಿಕಿರಣ ಕೊಟ್ಟು, ಆಮೇಲೆ ವಿಕಿರಣವೇ ತಾಗದ ಸ್ತನ ಕೋಶಗಳನ್ನು ಅಲ್ಲಿ ನೆಟ್ಟರು. ಗಡ್ಡೆ ಬೆಳೆಯುವುದು ಬೇಗವಾಯಿತು. ಕಿರಣ ಬಿದ್ದದ್ದು ಮಣ್ಣಿಗೆ, ಕೆಟ್ಟದ್ದು ಬೀಜ. ಇದನ್ನು ಓದಿದ ಮೇಲೆ ಬರೀ ತುಂಡುಗಳನ್ನು ಎಣಿಸುತ್ತಾ ಕೂರಲು ನನಗೆ ಆಗಲಿಲ್ಲ.

ಪೂರ್ತಿ ಆರ್‌ಎನ್‌ಎ ಸೀಕ್ವೆನ್ಸಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 20,000 ಜೀನ್ ಒಟ್ಟಿಗೆ ಪರೀಕ್ಷಿಸಿ, ನೂರಕ್ಕೆ ಐದರ ಮಾಮೂಲಿ ಗಡಿ ಇಟ್ಟರೆ, ಏನೂ ಆಗದಿದ್ದರೂ ಸಾವಿರ ಜೀನ್ 'ಬದಲಾಗುತ್ತವೆ'. ಅದಕ್ಕೆ ತಿದ್ದುಪಡಿ ಮಾಡಿದ ಮೇಲೆ ನನ್ನ ಉದ್ದನೆಯ ಪಟ್ಟಿ ಒಂದು ಪುಟಕ್ಕೆ ಇಳಿಯಿತು. ಆ ಪುಟದ ಮೇಲ್ಭಾಗದಲ್ಲಿ ಪಿ53ಯ ಹಳೆಯ ಬಳಗವೇ ಇತ್ತು.

ಇದೆಲ್ಲ ನಡೆಯುವಾಗ ಒಂದು ದಿನ ಅತ್ತಿಗೆ ಫೋನ್ ಮಾಡಿದರು. "ಡಾಕ್ಟ್ರು ಮ್ಯಾಮೊಗ್ರಾಮ್ ಮಾಡಿಸಿ ಅಂದಿದ್ದಾರೆ. ನೀನು ನೋಡಿದ್ರೆ ಕಡಿಮೆ ವಿಕಿರಣಕ್ಕೂ ಜೀನ್ ಏರುತ್ತೆ ಇಳಿಯುತ್ತೆ ಅಂತಿರ್ತೀಯ. ಹೋಗ್ಲಾ, ಬೇಡ್ವಾ?"

"ಹೋಗಿ ಅತ್ತಿಗೆ," ಅಂದೆ. ನನ್ನ ಡಿಶ್‌ಗೆ ಕೊಡುತ್ತಿದ್ದದ್ದು ಅವರಿಗೆ ಬೀಳುವುದರ ಇಪ್ಪತ್ತೈದು ಪಟ್ಟು. ಅಷ್ಟಕ್ಕೂ ಪಿ21 ಮರುದಿನಕ್ಕೆ ಇಳಿದಿತ್ತು. ಪಿ21 ಏರಿತು ಅಂದರೆ ಕಾವಲುಗಾರ ಎದ್ದು ಕೂತ ಅಂತ, ಕಳ್ಳ ನುಗ್ಗಿದ ಅಂತಲ್ಲ. ವಯಸ್ಸು ಐವತ್ತು ದಾಟಿದೆ, ಆ ವಯಸ್ಸಿಗೆ ವಿಕಿರಣದ ಅಪಾಯ ಹುಡುಗಿಯರಿಗಿಂತ ತುಂಬಾ ಕಡಿಮೆ, ಗಡ್ಡೆ ಇದ್ದರೆ ಬೇಗ ಗೊತ್ತಾಗುವ ಲಾಭ ಜಾಸ್ತಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿನ್ನ ಪ್ರಯೋಗದಿಂದ ಏನು ಗೊತ್ತಾಯ್ತು?" ಅಂದರು. ಮೆಟ್ಟಿಲು ಇಳಿದು ಹತ್ತಿದರೆ ಫಾಸ್ ಏರುತ್ತದೆ ಅಂದೆ. ನಕ್ಕು ಫೋನ್ ಇಟ್ಟರು.

ಈಗ ಡಿಶ್‌ನ ತಳದಲ್ಲಿ ಚಪ್ಪಟೆಯಾಗಿ ಬೆಳೆಸುವುದನ್ನು ಕಡಿಮೆ ಮಾಡಿ, ಮೆತ್ತನೆಯ ಜೆಲ್‌ನಲ್ಲಿ ಬೆಳೆಸುತ್ತಿದ್ದೇನೆ. ಅಲ್ಲಿ ಎಂಸಿಎಫ್-10ಎ ಕೋಶಗಳು ತಾವೇ ಗುಂಡಗೆ ಜೋಡಿಸಿಕೊಂಡು, ನಡುವೆ ಟೊಳ್ಳು ಬಿಟ್ಟುಕೊಂಡು, ನಿಜವಾದ ಸ್ತನದ ಗ್ರಂಥಿಯ ಪುಟ್ಟ ಗೋಳಿಗಳ ಹಾಗೆ ಆಗುತ್ತವೆ. ಎರಡು ವಾರಕ್ಕೂ ಜಾಸ್ತಿ ಹಿಡಿಯುತ್ತದೆ. ಪಕ್ಕದಲ್ಲಿ ವಿಕಿರಣ ಕಂಡ ನಾರುಕೋಶಗಳನ್ನು ಇಟ್ಟು, ಕಿರಣ ಕಾಣದ ಗೋಳಿಗಳಲ್ಲಿ ಏನಾಗುತ್ತದೆ ಅಂತ ನೋಡಬೇಕು. ಮೊದಲ ತಂಡಕ್ಕೆ ಹನ್ನೊಂದನೇ ದಿನ ಬೂಷ್ಟು ಹಿಡಿಯಿತು. ಎರಡನೇ ತಂಡ ಇನ್‌ಕ್ಯುಬೇಟರ್‌ನಲ್ಲಿದೆ, ಇವತ್ತಿಗೆ ಒಂಬತ್ತನೇ ದಿನ. ಕಂಟ್ರೋಲ್ ಡಿಶ್‌ನ ಮುಚ್ಚಳದ ಮೇಲೆ "ಇದೂ ಕೆಳಗೆ ಹೋಗಬೇಕು" ಅಂತ ಕೆಂಪು ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ.